ಇಲ್ಲದ ತೋಪು

ಹವಾಮಾನ ಕಚೇರಿಯ ಅಂಗಳದಲ್ಲಿ ಎತ್ತರದ ಕಂಬವೊಂದಿದೆ. ಅದರ ತುದಿಯಲ್ಲಿ ಮೂರು ಬಟ್ಟಲುಗಳು ಗಾಳಿಗೆ ತಿರುಗಿ ವೇಗ ಅಳೆಯುತ್ತವೆ. ವಾರಕ್ಕೊಮ್ಮೆ ಏಣಿ ಹತ್ತಿ ಅವುಗಳ ದೂಳು ಒರೆಸುವುದು, ಉಳಿದಂತೆ ಕೋಣೆಗಳನ್ನು ಗುಡಿಸುವುದು ನನ್ನ ಕೆಲಸ. ಏಳನೆಯ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಇಲ್ಲಿಗೆ ಸೇರಿಸಿದವಳು ಅಣ್ಣನ ಹೆಂಡತಿ. ಅತ್ತಿಗೆ ಇಲ್ಲಿ ವಿಜ್ಞಾನಿ.

ನೆಲ ಗಾಳಿಯನ್ನು ಎಷ್ಟು ತಡೆಯುತ್ತದೆ, ಆ ತಡೆ ಎಷ್ಟು ಎತ್ತರದವರೆಗೆ ಮುಟ್ಟುತ್ತದೆ ಎಂದು ಕಂಪ್ಯೂಟರಿಗೆ ಹೇಳಿಕೊಡುವ ಹೊಸ ಸೂತ್ರವನ್ನು ಅವಳು ಮೂರು ವರ್ಷ ಕೂತು ಕಟ್ಟಿದ್ದಳು. ಬೇರೆ ಕಡೆಯ ಗಾಳಿಯನ್ನೆಲ್ಲ ಅದು ಸರಿಯಾಗಿ ಹೇಳುತ್ತಿತ್ತು. ನಮ್ಮ ಅಂಗಳದ ಗಾಳಿ ಮಾತ್ರ ಲೆಕ್ಕದಲ್ಲಿ ಯಾವಾಗಲೂ ಬಟ್ಟಲು ಅಳೆದದ್ದಕ್ಕಿಂತ ಕಡಿಮೆ.

"ಮನೆಮುಂದಿನ ಗಾಳೀನೇ ಗೊತ್ತಾಗಲ್ಲ ಅಂದ್ರೆ ಯಾರಮ್ಮಾ ನಂಬ್ತಾರೆ?" ಎಂದರು ಕಚೇರಿಯ ಮುಖ್ಯಸ್ಥರಾದ ಸಾಹೇಬರು. "ಮಧ್ಯಾಹ್ನದೊಳಗೆ ಸರಿ ಹೋಗದಿದ್ರೆ ಹಳೇ ಸೂತ್ರಾನೇ. ಅದರ ಚೇಷ್ಟೆಯಾದ್ರೂ ನಮಗೆ ಗೊತ್ತು."

ಅತ್ತಿಗೆಯ ಮುಖ ಸಪ್ಪಗಾಯಿತು. ನಾನು ಮೇಜು ಒರೆಸುತ್ತ ಅವಳ ಪರದೆ ನೋಡಿದೆ. ನಕ್ಷೆಯಲ್ಲಿ ನಮ್ಮ ಕಚೇರಿ ಒಂದು ಚುಕ್ಕೆ, ಸುತ್ತ ಕಡು ಹಸಿರು.

"ಅತ್ತಿಗೆ, ಈ ಹಸಿರು ಏನು?"

"ಮರ ಕಣೇ, ಸುತ್ತ ಏನೇನಿದೆ ಅನ್ನೋ ಪಟ್ಟಿ ನೋಡಿ ಹಾಕಿದ್ದು. ಮರ ಇದ್ರೆ ನೆಲ ಒರಟು ಅಂತ ಲೆಕ್ಕ, ಗಾಳಿ ನಿಧಾನ ಆಗುತ್ತೆ. ಈಗ ತಲೆ ತಿನ್ಬೇಡ."

ಸಾಹೇಬರು ಹಿಂದೆಯೇ ನಿಂತಿದ್ದರು. ನಾನು ಒರೆಸುವ ಬಟ್ಟೆ ಕೆಳಗಿಟ್ಟು ಹೇಳಿಯೇಬಿಟ್ಟೆ.

"ಕಚೇರಿ ಹಿಂದುಗಡೆ ತೋಪು ಈಗಿಲ್ಲ. ಕಡಿದು ಎರಡು ವರ್ಷ ಆಯ್ತು. ಬರೀ ಹುಲ್ಲು. ಕಂಬ ಹತ್ತಿದ್ರೆ ಕಾಣುತ್ತೆ."

ಆ ಕಡೆಗೆ ಕಚೇರಿಯ ಒಂದು ಕಿಟಕಿಯೂ ಇಲ್ಲ, ಹಿಂಬಾಗಿಲು ತೆರೆಯುವವರೂ ಇಲ್ಲ.

"ಮೌನಗೌರಿಗೆ ಬಾಯಿ ಬಂತಲ್ಲ!" ಎನ್ನುತ್ತ ಸಾಹೇಬರು ಹಿಂಬಾಗಿಲಿಗೆ ಹೋಗಿ ಇಣುಕಿದರು. ಬೆಪ್ಪಾಗಿ ವಾಪಸು ಬಂದರು. "ಈ ತೋಪನ್ನ ಯಾವ ಪುಣ್ಯಾತ್ಮ ಪಟ್ಟಿಗೆ ಹಾಕಿದ್ದು?"

"ನೀವೇ ಕೊಟ್ಟ ಪಟ್ಟಿ ಸಾರ್!" ಎಂದಳು ಅತ್ತಿಗೆ.

ನಕ್ಷೆಯಲ್ಲಿ ಮರ ತೆಗೆದು ಹುಲ್ಲು ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದಳು. ಹನ್ನೊಂದೂವರೆಗೆ ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು, ಬಟ್ಟಲು ಅಳೆದ ಗಾಳಿಯದೊಂದು, ಅವಳ ಸೂತ್ರದ್ದೊಂದು. ಎರಡೂ ಮೈಗೆ ಮೈ ತಾಗಿಸಿಕೊಂಡು ಸಾಗಿದ್ದವು.

"ಅಯ್ಯೋ ನನ್ನ ಬಂಗಾರ!" ಅತ್ತಿಗೆ ನನ್ನ ಕೆನ್ನೆ ಹಿಂಡಿದಳು, ನೋಯುವಷ್ಟು.

"ಹೊಸ ಸೂತ್ರಾನೇ ಇರ್ಲಿ," ಎಂದ ಸಾಹೇಬರು ಪಟ್ಟಿ ಕೈಗೆತ್ತಿಕೊಂಡರು. "ಇದರಲ್ಲಿ ಇನ್ನೇನೇನು ಸುಳ್ಳಿದೆ, ತೋರಿಸು ನಡಿಯಮ್ಮ."

ನಾನು ಮುಂದೆ, ಅವರಿಬ್ಬರು ಹಿಂದೆ.

"ಎಡಕ್ಕೆ ಕೆರೆ ಅಂತಿದೆ," ಎಂದು ಸಾಹೇಬರು ಓದಿದರು.

"ಬಸ್ ನಿಲ್ದಾಣ ಸಾರ್," ಎಂದೆ, ಈ ಸಲ ಜೋರಾಗಿಯೇ.