ತುಳಜಾಬಾಯಿಯ ಹೆಬ್ಬೆರಳು

ಮೊಣಕಾಲು ಮಡಚುತ್ತಿರಲಿಲ್ಲ. ದ್ರೌಪದಿ ಮುದುಕಿ ಬಿಸಿನೀರಿನಲ್ಲಿ ಅದ್ದಿದ ಅರಿವೆಯನ್ನು ಮತ್ತೊಮ್ಮೆ ಹಿಂಡಿ, ಹೆಣದ ಮೊಣಕಾಲ ಮೇಲೆ ಹೊದಿಸಿ, ಎರಡೂ ಕೈಯಿಂದ ನೀವಿದಳು.

"ಮಡಚ ತುಳಜಾ. ಜೀವ ಇರೂತನಕ ಹಟಾ ಮಾಡಿದಿ. ಇನ್ನರ ಹೇಳಿದ ಮಾತು ಕೇಳು."

ಸಾರಿಕಾ ಹಿಂದಿನಿಂದ ಹೆಣದ ಎರಡೂ ಭುಜ ಹಿಡಿದು ಕೂತಿದ್ದಳು. ಇವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಮೈ ಸೆಟೆಯುವುದರೊಳಗೆ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಬೇಕು. ಬೆಳಗಿನ ಚಹಾ ಹಿಡಿದು ಎಬ್ಬಿಸಲು ಹೋದಾಗ ತುಳಜಾಬಾಯಿ ಏಳಲಿಲ್ಲ. ಆಗಿನಿಂದ ಸಾರಿಕಾ ಅತ್ತಿರಲಿಲ್ಲ. ನೀರು ಕಾಸುವುದು, ಅರಿವೆ ಹುಡುಕುವುದು, ಬಂದವರಿಗೆ ದಾರಿ ಬಿಡುವುದು, ಇದರಲ್ಲೇ ಹೊತ್ತು ಏರಿತ್ತು.

ಒಳಗಿನ ಬಾಗಿಲಲ್ಲಿ ಸಿದ್ದೇಶ್ವರ ನಿಂತ. ತುಳಜಾಬಾಯಿಯ ಗಂಡ ಧೂಳಪ್ಪನ ತಮ್ಮನ ಮಗ.

"ದ್ರೌಪದವ್ವ, ಹೊರಗ ಹೋಗಿ ಒಂಚೂರು ಚಾ ಕುಡದು ಬಾ."

"ಹೆಣದ ಮನ್ಯಾಗ ಯಾರೋ ಚಾ ಕಾಸ್ಯಾರ?"

"ಬಾಜೂ ಮನ್ಯಾಗ."

"ನೀ ಏನ ಆಡಾಂವಿದ್ದಿ ಆಡು. ನಂಗ ಕಿವಿ ಕೇಳಂಗಿಲ್ಲ."

"ಬೇಕಾದ್ದಷ್ಟ ಕೇಳತದ ನಿಂಗ," ಎಂದು ಸಿದ್ದೇಶ್ವರ ಒಳಗೆ ಬಂದು ಕುಕ್ಕರಗಾಲಲ್ಲಿ ಕೂತ. ಅಂಗಿಯ ಕಿಸೆಯಿಂದ ಮಡಚಿದ ಒಂದು ಹಾಳೆ ತೆಗೆದು ಸಾರಿಕಾಳ ಮುಂದೆ ಇಟ್ಟ. ಅದರ ಮೇಲೆ ನೀಲಿ ಶಾಯಿಯ ಡಬ್ಬಿ.

"ಅಮೋಲ ಮಂಗಳವೇಢೆ ಬಿಟ್ಟಾನ. ನಾ ಬರೂತನಕ ಹೊಲದಾಗ ಕುಣಿ ತೋಡಬ್ಯಾಡ್ರಿ, ಊರ ಸ್ಮಶಾನದಾಗ ತೋಡ್ರಿ ಅಂದಾನ ಫೋನಿನ್ಯಾಗ. ತಿಳೀತೇನು ಅದರ ಅರ್ಥಾ?"

"ಅವ್ವ ಹೊಲದಾಗ ಅಂದಿದ್ಲು."

"ಅವ್ವ ಅಂದದ್ದು ಈಗ ಯಾರು ಕೇಳತಾರ? ಸೋಲಾಪುರದಾಗ ವಕೀಲರ ಕಡೆ ಕೇಳೀನಿ ನಾ. ಹೊಲಾ ದೊಡ್ಡವ್ವಗ ಆಕಿ ಅಪ್ಪನ ಕಡಿಂದ ವಾರಸಾಕ್ಕ ಬಂದದ್ದು. ಹೊಟ್ಟೀ ಮಕ್ಕಳಿಲ್ಲದ ಹೆಣಮಗಳು ಮೃತ್ಯುಪತ್ರ ಬರೀದೇ ಸತ್ರ ಅದು ಹೊಳ್ಳಿ ಅಪ್ಪನ ವಾರಸದಾರರಿಗೇ ಹೋಗತದ. ಆಕಿ ತಮ್ಮಂತೂ ಸತ್ತಾನ. ಅವನ ಮಗಾ ಅಮೋಲ ಅದಾನ. ನನಗೂ ಇಲ್ಲ, ನಿನಗೂ ಇಲ್ಲ."

"ನಾ ಆಕಿ ಸಾಕಿದ ಮಗಳು."

"ಸಾಕಿದ್ದಕ್ಕ ಹೊಲದ ಉತಾರ್ಯಾಗ ಕಾಲಂ ಇಲ್ಲ ತಂಗಿ. ದತ್ತಕ ಆಗೇತೇನು ನಿಂದು? ಆಗಿಲ್ಲ." ಅವನು ದನಿ ಇಳಿಸಿದ. "ಇದರಾಗ ಅರ್ಧಾ ನಿನಗ, ಅರ್ಧಾ ನನಗ ಅಂತ ಬರದದ. ಭೀಮಶಾ ಕಾಕಾ ಸಹಿ ಮಾಡ್ಯಾನ, ಮರೆಪ್ಪ ಮಾಡ್ಯಾನ. ಇಬ್ಬರು ಸಾಕ್ಷೀದಾರರು ಸಾಕು. ಸ್ಟ್ಯಾಂಪ್ ಬ್ಯಾಡ, ರಜಿಸ್ಟ್ರೀನೂ ಬ್ಯಾಡ. ತಾರೀಖು ಹೋದ ದೀಪಾವಳೀದು. ಆಕಿ ಹೆಬ್ಬೆರಳಿನ ಅಂಗಠಾ ಒಂದು ಬೇಕು."

ಸಾರಿಕಾ ಹಾಳೆಯನ್ನು ಮುಟ್ಟಲಿಲ್ಲ. "ಅರ್ಧಾ ನಿನಗ ಅಂತ ಅವ್ವ ಯಾವಾಗ ಅಂದಿದ್ಲು?"

"ನಿನಗ ಅಂತಂತೂ ಅಂದಿದ್ಲಲ್ಲ! ಊರಿಗೇ ಗೊತ್ತದ. ಹಂಗ ನೋಡಿದ್ರ ಸುಳ್ಳೂ ಅರ್ಧಾನೇ." ಎದ್ದು ನಿಂತು ಅವನು ಜಂತಿಯ ಕಡೆ ನೋಡಿದ. "ಈ ಮನಿ ದೊಡ್ಡಪ್ಪಂದು, ಹೆಂಗೂ ನನ್ನ ಕಡೀಗೇ ಬರತದ. ನಿನ್ನ ಹೊರಗ ಹಾಕೂ ಮನಶ್ಯಾ ಅಲ್ಲ ನಾ. ಆದ್ರೂ ವಿಚಾರ ಮಾಡು. ಮೈ ತೊಳಿಯೂ ಮುಂದ ಸೀರಿ ಅಡ್ಡ ಕಟ್ಟತಾರ, ಒಳಗ ನೀವಿಬ್ಬರೇ. ಅಯ್ಯಾರು ಬಂದು ಕೈಯಾಗ ಲಿಂಗಾ ಇಡೂದರೊಳಗ ಮುಗಸು."

ಅವನು ಹೋದ ಮೇಲೆ ದ್ರೌಪದಿ ಮೊಣಕಾಲನ್ನು ಒಮ್ಮೆ ಬಲವಾಗಿ ಒತ್ತಿದಳು. ಅದು ಲಟಕ್ಕೆಂದು ಮಡಚಿತು.

*

ಹನ್ನೆರಡು ವರ್ಷದ ಹಿಂದೆ, ಅಕ್ಕಲಕೋಟದ ಗಂಡನ ಮನೆಯಿಂದ ಸಾರಿಕಾ ಒಂದು ಕೈಚೀಲ ಹಿಡಿದು ಹೊಳ್ಳಿ ಬಂದಿದ್ದಳು. ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಸಾರಿಕಾಳನ್ನು ಹೆತ್ತ ಲಕ್ಷ್ಮೀಬಾಯಿ ತುಳಜಾಬಾಯಿಯ ಗೆಳತಿ. ಬಾಣಂತನದಲ್ಲಿ ತೀರಿಕೊಂಡಾಗ ತಂದೆ ಕೂಸನ್ನು ತುಳಜಾಬಾಯಿಯ ಕೈಗೆ ಕೊಟ್ಟು, ನಾಲ್ಕು ದಿನ ಇಟ್ಟುಕೋ ಎಂದು ಹೋದವನು ತಿರುಗಿ ಬರಲಿಲ್ಲ. ದತ್ತಕದ ಮಾತು ತೆಗೆಯಲು ಕೊಡುವವನೇ ಇರಲಿಲ್ಲ.

ಆ ಸಲದ ಎಳ್ಳಮಾವಾಸ್ಯೆಗೆ ಭಂಡಾರಕವಠೆ ಊರಿನ ಎಲ್ಲರ ಹಾಗೆ ಇವರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಧೂಳಪ್ಪ ಹೊಲದ ಸುತ್ತ ಎಡೆಯ ಅನ್ನದ ಚರಗ ಚೆಲ್ಲಿ ಬಂದ. ಊಟಕ್ಕೆ ಕೂರುವ ಮೊದಲು ತುಳಜಾಬಾಯಿ ಸಾರಿಕಾಳನ್ನು ಕರೆದು ನಿಲ್ಲಿಸಿದಳು.

"ಸೆರಗ ಒಡ್ಡು."

ಅಕ್ಕಿ, ಕೊಬ್ಬರಿ, ಕುಬಸದ ಕಣ ಇರಬಹುದು ಎಂದು ಸಾರಿಕಾ ಸೆರಗು ಒಡ್ಡಿದಳು. ತುಳಜಾಬಾಯಿ ಬಗ್ಗಿ ಎರಡೂ ಬೊಗಸೆಯಿಂದ ಎರೆಮಣ್ಣು ಎತ್ತಿ ಹಾಕಿದಳು. ಐದು ಸಲ. ಸುತ್ತ ಐವರು ಮುತ್ತೈದೆಯರು, ಅವರಲ್ಲಿ ದ್ರೌಪದಿಯೂ ಒಬ್ಬಳು.

"ಈಕಿಗೆ ತವರಿಲ್ಲ. ಇದ ಈಕಿ ತವರು. ನೀವು ಐದು ಮಂದಿ ನೋಡೀರಿ," ಎಂದಳು.

ಭಾರಕ್ಕೆ ಸೆರಗು ಜಗ್ಗಿತು. ದ್ರೌಪದಿ, "ಮಣ್ಣು ಹೊತಗೊಂಡು ಉಣ್ಣಾಕ ಹೆಂಗ ಕುಂಡ್ರತಾಳವಾ ಹುಡುಗಿ?" ಎಂದು ನಕ್ಕಿದ್ದಳು.

ಧೂಳಪ್ಪ ತೀರಿಹೋದ ಮೇಲೆ ನೆರೆಮನೆಯ ಭೀಮಶಾ ಎರಡು ಮೂರು ಸಲ ಹೇಳಿದ. "ವೈನಿ, ಸೋಲಾಪುರಕ್ಕ ಹೋಗಿ ಒಂದು ಮೃತ್ಯುಪತ್ರ ಮಾಡಸೂಣು. ಉಡಿ ತುಂಬಿದ್ದು ಕೋರ್ಟಿಗೆ ತಿಳಿಯಂಗಿಲ್ಲ."

"ಕೊಟ್ಟದ್ದನ್ನ ಮತ್ತೊಮ್ಮಿ ಕೊಡತಾರೇನು ಭೀಮಶಾ? ಲಗ್ನಾ ಆದಾಕಿಗೆ ಮತ್ತ ಅಕ್ಕಿಕಾಳು ಹಾಕತಾರೇನು?" ಎಂದು ತುಳಜಾಬಾಯಿ ಅವನ ಬಾಯಿ ಮುಚ್ಚಿಸಿದಳು. ಕೊಟ್ಟಾಗಿತ್ತು ಅವಳ ಲೆಕ್ಕದಲ್ಲಿ. ಹನ್ನೆರಡು ಸುಗ್ಗಿ ಸಾರಿಕಾಳೇ ಬಿತ್ತಿದಳು, ಅವಳೇ ಕೊಯ್ದಳು. ಉತಾರದಲ್ಲಿ, ಹೊಲದ ಸರಕಾರಿ ದಾಖಲೆಯಲ್ಲಿ, ಹೆಸರು ಮಾತ್ರ ತುಳಜಾಬಾಯಿಯದು.

*

ಹಿತ್ತಲಲ್ಲಿ ಎರಡು ಸೀರೆ ಅಡ್ಡ ಕಟ್ಟಿದ್ದರು. ಹಲಗೆಯ ಮೇಲೆ ಕೂರಿಸಿದ ತುಳಜಾಬಾಯಿಗೆ ದ್ರೌಪದಿ ಹಿಂದಿನಿಂದ ಮೊಣಕಾಲು ಕೊಟ್ಟು ಆಸರೆಯಾಗಿದ್ದಳು. ಹೊರಗೆ ಗಂಡಸರ ಮಾತು, ಕೆಮ್ಮು, ತಂಬಾಕು ತಿಕ್ಕುವ ಸಪ್ಪಳ. ಸಾರಿಕಾ ತಲೆಯ ಮೇಲೆ ನೀರು ಹಾಕಿದಳು, ಬೆನ್ನು ತಿಕ್ಕಿದಳು, ಬೆರಳ ಸಂದಿಯ ಮಣ್ಣು ತೆಗೆದಳು. ಆಮೇಲೆ ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು.

ದ್ರೌಪದಿ ಬೇರೆ ಕಡೆ ಮುಖ ತಿರುಗಿಸಿದಳು. "ನಂಗ ಕಣ್ಣೂ ಕಾಣಂಗಿಲ್ಲ ಮಗಳ. ಮಾಡೂದಿದ್ರ ಲಗೂ ಮಾಡು."

ಎಡಗೈ ಅರ್ಧ ಮುಚ್ಚಿತ್ತು. ನಾಲ್ಕು ಬೆರಳ ಒಳಗೆ ಹೆಬ್ಬೆರಳು ಅಡಗಿ ಕೂತಿತ್ತು. ಸಾರಿಕಾ ಒಂದೊಂದೇ ಬೆರಳು ಬಿಡಿಸಿ ಹೆಬ್ಬೆರಳನ್ನು ಹೊರಗೆ ತಂದು ಶಾಯಿಗೆ ಒತ್ತಿದಳು. ತಣ್ಣಗಿತ್ತು. ಹಾಳೆಯನ್ನು ತನ್ನ ಮೊಣಕಾಲ ಮೇಲೆ ಹರಡಿದಳು. ಕೆಳಗೆ ಖಾಲಿ ಜಾಗ. ಮಣಿಕಟ್ಟು ಹಿಡಿದು ಹತ್ತಿರ ತಂದಳು.

ಬೆರಳುಗಳು ಮತ್ತೆ ಮೆಲ್ಲಗೆ ಒಳಕ್ಕೆ ಮಡಚಿಕೊಂಡವು.

"ಸೆಟದಾವವ್ವಾ," ಎಂದಳು ದ್ರೌಪದಿ, ಕಣ್ಣು ಕಾಣುವುದಿಲ್ಲ ಎಂದವಳು. "ಸತ್ತವರ ನರಾ ಹಂಗ." ಮತ್ತೆ ಅಂದಳು, "ಕಚೇರ್ಯಾಗೂ ಹಿಂಗ ಮಾಡಿದ್ಲು ಈಕಿ."

*

ಆಗ ತುಳಜಾಬಾಯಿಗೆ ತಲೆ ನರೆತಿರಲಿಲ್ಲ. ಅಪ್ಪ ಸತ್ತು ದಿನಗಳು ಮುಗಿದಿದ್ದವು. ತಮ್ಮ ಜೀಪು ತಂದು, ಅಕ್ಕನಿಗೆ ಹೊಸ ಸೀರೆ ಉಡಿಸಿ, ಜೊತೆಗೆ ಇರಲಿ ಎಂದು ದ್ರೌಪದಿಯನ್ನೂ ಹತ್ತಿಸಿಕೊಂಡು ಸೋಲಾಪುರದ ಕಚೇರಿಗೆ ಹೋದ. ಊರಲ್ಲಿ ಎಲ್ಲರೂ ಮಾಡುವುದೇ ಅದು. ಅಪ್ಪನ ಹೊಲದಲ್ಲಿ ತನಗೆ ಹಕ್ಕಿಲ್ಲ ಎಂದು ಅಕ್ಕತಂಗಿಯರು ಹೆಬ್ಬೆರಳು ಒತ್ತಿ ಬರುತ್ತಾರೆ, ಬರುವಾಗ ಅಣ್ಣತಮ್ಮಂದಿರು ಬಳೆ ಇಡಿಸುತ್ತಾರೆ, ಆಮೇಲೆ ವರ್ಷ ವರ್ಷ ನಾಗರಪಂಚಮಿಗೆ ತವರಿಗೆ ಕರೆಯುತ್ತಾರೆ.

ಕಾರಕೂನ ಕಾಗದ ಸರಿಸಿದ. "ಓದ್ರಿ," ಎಂದಳು ತುಳಜಾಬಾಯಿ. ಅವನು ಮರಾಠಿಯಲ್ಲಿ ಗಡಗಡ ಓದಿದ. "ನನ್ನ ಮಾತಿನ್ಯಾಗ ಓದ್ರಿ," ಎಂದಳು. ತಮ್ಮನಿಗೆ ಮುಜುಗರವಾಯಿತು. ನಗುತ್ತಲೇ ಅಕ್ಕನ ಕೈ ಹಿಡಿದು, ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದದ ಮೇಲೆ ತಂದ.

ತುಳಜಾಬಾಯಿ ಮುಷ್ಟಿ ಮಾಡಿದಳು. ಅವನು ಬಿಡಿಸಲು ನೋಡಿದ. ಬಾಗಿಲಲ್ಲಿ ಜನ ನಿಂತರು. ಅವಳು ಕೂಗಲಿಲ್ಲ, ಅಳಲಿಲ್ಲ. "ನನ್ನ ಬೆರಳು ನಾ ಒತ್ತಬೇಕು. ನೀ ಒತ್ತಿದ್ರ ಅದು ನಿಂದು," ಎಂದು ಮಾತ್ರ ಹೇಳಿದಳು.

ತಮ್ಮ ಅವರಿಬ್ಬರನ್ನೂ ಅಲ್ಲೇ ಬಿಟ್ಟು ಜೀಪು ತಗೊಂಡು ಹೋದ. ತನ್ನ ಪಾಲು ಮಾರಿ ಮಂಗಳವೇಢೆಯಲ್ಲಿ ಜೋಳದ ಅಡತಿ ಅಂಗಡಿ ಹಾಕಿದ. ತುಳಜಾಬಾಯಿಯ ಪಾಲು ಅವಳ ಹೆಸರಿಗೆ ಏರಿತು. ಮುಂದೆ ಒಂದು ಪಂಚಮಿಗೂ ಅವಳಿಗೆ ಕರೆ ಬರಲಿಲ್ಲ.

*

ಸಾರಿಕಾ ಮಣಿಕಟ್ಟು ಬಿಟ್ಟಳು. ಹಾಳೆ ಮಡಚಿ ಕುಬಸದೊಳಗೆ ಸೇರಿಸಿದಳು. ಸೋಪು ಹಚ್ಚಿ ಹೆಬ್ಬೆರಳು ತಿಕ್ಕಿದಳು. ಅರಿಷಿಣ ಹಚ್ಚಿ ತಿಕ್ಕಿದಳು, ಬೂದಿ ಹಚ್ಚಿ ತಿಕ್ಕಿದಳು. ನೀಲಿ ಹೋಗಲಿಲ್ಲ.

"ಅಯ್ಯಾರು ಬಂದ್ರು," ಹೊರಗಿನಿಂದ ಸಿದ್ದೇಶ್ವರನ ದನಿ. "ಮುಗೀತೇನು?"

ಸಾರಿಕಾ ಕೊನೆಯ ತಂಬಿಗೆ ನೀರು ಹಾಕಿದಳು.

ಅಂಗಳದಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಅಯ್ಯನವರು ಎಡಗೈಯಲ್ಲಿ ಲಿಂಗ ಇಡುವ ಹೊತ್ತಿಗೆ ಅಮೋಲನ ಗಾಡಿ ಬಂದು ನಿಂತಿತು. ನಲವತ್ತರ ಗಂಡಸು, ತುಸು ಕುಂಟುತ್ತ ಬಂದ. ಸೋದರತ್ತೆಯ ಮುಖವನ್ನು ಅವನು ಹತ್ತಿರದಿಂದ ನೋಡಿದ್ದೇ ಕಡಿಮೆ. ಪಾದ ಮುಟ್ಟಲು ಬಗ್ಗಿದವನು ಬಗ್ಗಿದಲ್ಲೇ ನಿಂತ.

"ಹೇ ಕಾಯ?" ಎಂದ. "ಬೆರಳಿಗೆ ಇದೇನರಿ? ಶಾಯಿ?"

ಅಯ್ಯನವರು ಕೈ ಹಿಂದೆ ತೆಗೆದರು.

"ಅಂಗಠಾ ತಗೊಂಡ್ರಿ ನೀವು. ಸತ್ತಾಕೀದು." ಅಮೋಲ ಸಿದ್ದೇಶ್ವರನ ಕಡೆ ತಿರುಗಿದ. "ಅಸಂ ನಾಹೀ ಚಾಲತ. ಇದು ನಡ್ಯಾಂಗಿಲ್ಲ. ಹೆಣಾ ಎತ್ತಬ್ಯಾಡ್ರಿ ಯಾರೂ. ಪೋಲೀಸರಿಗೆ ಫೋನ್ ಮಾಡತೀನಿ ನಾ."

"ಮಾಡು, ಮಾಡು. ಅತ್ತಿ ಜಡ್ಡಿಗೆ ಬಿದ್ದಾಗ ಬರಲಾರದಾಂವ ಹೆಣಕ್ಕ ಕಾವಲ ನಿಲ್ಲಾಕ ಬಂದಾನ!" ಸಿದ್ದೇಶ್ವರ ಜೋರಾಗಿ ಅಂದನಾದರೂ ಅವನ ಕಣ್ಣು ಸಾರಿಕಾಳ ಮೇಲಿತ್ತು. ಕಟ್ಟೆಯ ಮೇಲೆ ಕೂತಿದ್ದ ಭೀಮಶಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಸಾರಿಕಾ ಮುಂದೆ ಬಂದಳು. ಅವಳ ಬೆರಳುಗಳೂ ನೀಲಿಯಾಗಿದ್ದವು. "ಶಾಯಿ ಹಚ್ಚಿದಾಕಿ ನಾ. ಒತ್ತಿಲ್ಲ," ಎಂದು ಕುಬಸದೊಳಗಿನ ಹಾಳೆ ತೆಗೆದು ಕೊಟ್ಟಳು.

ಅಮೋಲ ಬಿಡಿಸಿ ನೋಡಿದ. ಬರಹ ಇತ್ತು, ಎರಡು ಸಹಿ ಇದ್ದವು. ಕೆಳಗೆ ಏನೂ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿದ, ಬಿಸಿಲಿಗೆ ಹಿಡಿದ.

"ಇನ್ನೊಂದು ಕಾಗದ ಇಲ್ಲಂತ ಹೆಂಗ ನಂಬಲಿ?"

"ನಂಬಬ್ಯಾಡ."

"ನಿಮಗ ಕಾಯದಾ ಗೊತ್ತದ ಏನ್ರಿ? ಇದರಾಗ ನಿಮ್ಮ ಹಕ್ಕ..."

"ಇಲ್ಲ. ಗೊತ್ತದ. ಹೊಲಾ ಕೇಳವಲ್ಲೆ ನಾ." ಸಾರಿಕಾಳ ದನಿ ಏರಲಿಲ್ಲ. "ಆ ಕಾಗದಾ ನಿನ್ನ ಕಡೀಗೇ ಇರಲಿ, ಯಾರಿಗೆ ತೋರಸ್ತಿ ತೋರಸು. ಅವ್ವ ಕುಂಡ್ರೂ ಅಷ್ಟು ಜಾಗಾ ಕೇಳಾಕತ್ತೀನಿ. ಆಕಿ ಹೆಸರಲೇ ಇರೂ ಹೊಲದಾಗ."

ಸಿದ್ದೇಶ್ವರ ಬಾಯಲ್ಲಿದ್ದ ತಂಬಾಕು ಉಗುಳಿದ. "ಹುಚ್ಚಿ," ಎಂದ. "ಹುಚ್ಚಿ ಅದಾಳ ಈಕಿ. ನಾಳಿಂದ ಎಲ್ಲಿ ಇರತೀ ನೋಡತೀನಿ."

ಅಮೋಲ ಹಾಳೆಯ ಮೇಲಿನ ಭೀಮಶಾನ ಸಹಿಯನ್ನು ನೋಡಿದ, ಆಮೇಲೆ ಕಟ್ಟೆಯ ಮೇಲಿನ ಭೀಮಶಾನನ್ನು. ಮುದುಕ ಟೋಪಿಯನ್ನೇ ನೋಡುತ್ತಿದ್ದ. ಅಮೋಲ ಹಾಳೆ ಮಡಚಿ ಪ್ಯಾಂಟಿನ ಕಿಸೆಗೆ ಹಾಕಿದ. ಹರಿಯಲಿಲ್ಲ, ಮರಳಿ ಕೊಡಲೂ ಇಲ್ಲ.

"ನಡುವ ಬ್ಯಾಡ," ಎಂದ. "ಬದುವಿಗೆ ಹತ್ತಿ ತೋಡ್ರಿ."

ಅಯ್ಯನವರು ಬೆರಳುಗಳನ್ನು ಬಿಡಿಸಿ ಲಿಂಗ ಇಟ್ಟರು. ಬೆರಳುಗಳು ತಾವೇ ಮುಚ್ಚಿಕೊಂಡವು.

*

ಕುಣಿ ತೋಡಿ, ಇಳಿಸಿ, ಮಣ್ಣು ಕೊಟ್ಟು ಮುಗಿಯುವಾಗ ಬಿಸಿಲು ಬಾಗಿತ್ತು. ಜನ ಸ್ನಾನಕ್ಕೆಂದು ಸಾಲುಗಟ್ಟಿ ಊರ ಕಡೆ ಹೊರಟರು. ದ್ರೌಪದಿ ನಾಲ್ಕು ಹೆಜ್ಜೆ ಹೋಗಿ ಹಿಂದೆ ನೋಡಿ, "ಬಾ ಮಗಳ, ನಮ್ಮ ಮನೀಗೆ ನಡಿ," ಎಂದು ಕರೆದಳು. ಸಾರಿಕಾ ಕೈ ಬೀಸಿ ಅವಳನ್ನು ಕಳಿಸಿದಳು.

ಅಮೋಲ ಬದುವಿನ ಮೇಲೆ ನಿಂತಿದ್ದ. ಆಳೆತ್ತರದ ಜೋಳ, ತೆನೆ ಹಾಲು ತುಂಬಿಕೊಂಡಿತ್ತು. ಅವನು ಒಂದು ತೆನೆ ಬಗ್ಗಿಸಿ ನೋಡಿ ಬಿಟ್ಟ.

"ಅಕ್ಕಾ," ಎಂದ. "ಈ ಸಲದ ಪೀಕ ಕೊಯ್ದು ನೀವೇ ತಗೋರಿ. ಮುಂದಿಂದು ಮುಂದ ನೋಡೂಣು."

ಸಂಜೆಯ ಹಕ್ಕಿಯ ಹಿಂಡು ಬಂದು ನಡುಹೊಲದ ತೆನೆಗಳ ಮೇಲೆ ಒಮ್ಮೆಲೇ ಇಳಿದಿತ್ತು. ಬೆಳಗಿನಿಂದ ಅವನ್ನು ಓಡಿಸುವವರು ಯಾರೂ ಇರಲಿಲ್ಲ. ಸಾರಿಕಾ ಸೆರಗು ಸೊಂಟಕ್ಕೆ ಸಿಗಿಸಿ, ದಂಟು ಸರಿಸಿಕೊಂಡು ಹೋಗಿ ಕಾವಲಿನ ಅಟ್ಟ ಹತ್ತಿದಳು. ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯೊಳಗಿಂದ ಕೂಗಿದಳು.

"ಹೋ... ಹೋಹೋ... ಹೋಓ..."

ಹಿಂಡು ಎದ್ದಿತು. ಊರ ದಾರಿಯಲ್ಲಿ ಹೋಗುತ್ತಿದ್ದ ಜನ ನಿಂತು ತಿರುಗಿ ನೋಡಿದರು. ಹಕ್ಕಿಗಳೆಲ್ಲ ಹಾರಿಹೋದ ಮೇಲೂ ಅವಳು ಕೂಗುತ್ತಲೇ ಇದ್ದಳು.