ಸದ್ದು ಮಾಡುವ ಸ್ಪ್ಯಾನರು

ಗಂಡ ಇನ್ನೊಂದು ಸ್ಪ್ಯಾನರನ್ನು ಕಿವಿಗೆ ಹಿಡಿದು, ಆಡಿಸಿ, ಮುಖ ಸಿಂಡರಿಸಿ ಪಕ್ಕಕ್ಕಿಟ್ಟಾಗ, ಟೂಲ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡು ನೆಟ್ಟಗಾದಳು.

ಮೆಕ್ಯಾನಿಕ್ಕು ರ್ಯಾಚೆಟ್ ಸ್ಪ್ಯಾನರನ್ನು ಕಿವಿಗೆ ಹಿಡಿಯುವುದರಲ್ಲಿ ವಿಶೇಷವೇನಿಲ್ಲ. ಹಿಡಿಯನ್ನು ಹಿಂದಕ್ಕೆಳೆದರೆ ಅದರ ತಲೆಯೊಳಗಿನ ಹಲ್ಲುಗಳು ಕಟಕಟ ಎನ್ನುತ್ತವೆ. ಮುಂದಕ್ಕೆ ದೂಡಿದರೆ ಬೋಲ್ಟನ್ನು ತಿರುಗಿಸುತ್ತವೆ. ಬೋಲ್ಟಿನ ಮೇಲಿಂದ ಸ್ಪ್ಯಾನರ್ ಎತ್ತುವ ಕೆಲಸವೇ ಇಲ್ಲ. ಹಲ್ಲು ಗಟ್ಟಿಯೋ ಪೊಳ್ಳೋ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ವಿಶೇಷವೆಂದರೆ, ಚೆನ್ನಾಗಿ ಸದ್ದು ಮಾಡಿದ್ದನ್ನೇ ಅವನು ಬೇಡವೆನ್ನುತ್ತಿದ್ದ.

"ಇದೂ ಗಲಾಟೆ. ಮೆತ್ತಗಿರೋದು ಕೊಡಿ."

"ಮೇಸ್ತ್ರಿ," ಅಂದ ಅಂಗಡಿಯವನು, "ನಿಮಗೆ ಸ್ಪ್ಯಾನರ್ ಬೇಕೋ, ಮೌನವ್ರತದ ಸನ್ಯಾಸಿ ಬೇಕೋ?"

"ಸಿಕ್ಕಿದ್ರೆ ಎರಡನ್ನೂ ಕಟ್ಟಿಕೊಡಿ."

ಅವಳು ನಗಲಿಲ್ಲ. ಅವಳು ಅಂಗಡಿಗೆ ಬಂದದ್ದೇ ಒಂದು ಸಂಗತಿ ಪತ್ತೆ ಮಾಡಲು. "ಗ್ಯಾಸ್ ಸ್ಟೌವಿನ ವಾಷರ್ ಬೇಕು" ಎಂದು ಸುಳ್ಳು ಹೇಳಿ ಅವನ ಸ್ಕೂಟರ್ ಹತ್ತಿದ್ದಳು.

ಗ್ಯಾರೇಜು ಕೆಳಗೆ, ಮನೆ ಮೇಲೆ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಗಡಿಯಾರವೆಂದರೆ ಕೆಳಗಿನ ರ್ಯಾಚೆಟ್ಟು. ಸದ್ದು ಭರದಿಂದ ಬರುತ್ತಿದ್ದರೆ ಕೆಲಸ ಶುರುವಿನಲ್ಲಿದೆ. ನಿಧಾನವಾದರೆ ಮುಗಿಯುತ್ತ ಬಂತು, ಟೀಗೆ ನೀರಿಡಬೇಕು. ಅವಳಿಗೊಬ್ಬಳಿಗೇ ಅಲ್ಲ, ಬೀದಿಗೇ ಆ ಸದ್ದು ಪರಿಚಯ. ಎದುರು ಮನೆಯ ಗಿಳಿ ಅದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಒಂದು ರಜಾದಿನ ಲಾರಿ ಡ್ರೈವರೊಬ್ಬ ಒಳಗೆ ಕೆಲಸ ನಡೆಯುತ್ತಿದೆಯೆಂದು ನಂಬಿ, ಮುಚ್ಚಿದ ಷಟರಿನ ಮುಂದೆ ಮಧ್ಯಾಹ್ನದವರೆಗೆ ಕಾದು, ಕೊನೆಗೆ "ಎಷ್ಟೊತ್ತು ಸ್ವಾಮಿ?" ಎಂದು ಕೂಗಿದ್ದ. ಗಿಳಿ ಇನ್ನಷ್ಟು ಚುರುಕಾಗಿ ಕಟಕಟ ಎಂದಿತ್ತು. ಡ್ರೈವರ್ ಸಮಾಧಾನವಾಗಿ ಮತ್ತೆ ಕೂತನಂತೆ. ಇದನ್ನು ಬೀದಿಯಲ್ಲಿ ಯಾರೂ ಅಲ್ಲಗಳೆದಿಲ್ಲ, ಗಿಳಿಯೂ ಸೇರಿ.

ಅಂಥ ಸದ್ದು ಈಚೆಗೆ ಕೆಟ್ಟಿತ್ತು. ಮೊದಲೆಲ್ಲ ಒಮ್ಮೆ ಎಳೆದರೆ ಕಟಕಟಕಟಕಟ ಎಂದು ಉದ್ದಕ್ಕೆ ಹೋಗುತ್ತಿದ್ದದ್ದು, ಈಗ ಕಟ ಎಂದು ನಿಲ್ಲುತ್ತಿತ್ತು. ತಡೆದು ಇನ್ನೊಂದು ಕಟ. ಅವಳು ಟೀಗೆ ನೀರಿಟ್ಟರೆ ಅದು ಕುದಿದು ಬತ್ತಿಹೋದರೂ ಕೆಲಸ ಮುಗಿಯುತ್ತಿರಲಿಲ್ಲ. ಕೇಳಿದರೆ "ಹಳೇ ಸ್ಪ್ಯಾನರು, ಹಲ್ಲು ಸವೆದಿದೆ" ಅನ್ನುತ್ತಿದ್ದ. ಅದೂ ನಿಜವೇ, ಕಳೆದ ವಾರ ಅದು ಎರಡೂ ಕಡೆ ಬೆಣ್ಣೆಯಂತೆ ತಿರುಗಿ ಪ್ರಾಣ ಬಿಟ್ಟಿತ್ತು. ಆದರೆ ಸವೆದ ಹಲ್ಲು ಜಾರಬೇಕು, ತಡೆದು ತಡೆದು ಯಾಕೆ ಮಾತಾಡಬೇಕು? ಇದು ಅವಳನ್ನು ಕೊರೆಯುತ್ತಿತ್ತು.

ಕೊರೆಯಲು ಇನ್ನೊಂದು ಕಾರಣ ಮೈದುನ. ಅವನಿಗೆ ಟೈರಿನ ವ್ಯಾಪಾರ; ಅಂಗಡಿಗೆ ಜಾಗ ಸಾಲದು. ಅಣ್ಣನ ಗ್ಯಾರೇಜಿನ ಮೂಲೆಯಲ್ಲಿ ದಿನಾ ಬಂದು ಕೂತು, "ಅಣ್ಣಂಗೆ ವಯಸ್ಸಾಯ್ತು ಅತ್ತಿಗೆ, ಕೈ ನಿಧಾನ ಆಯ್ತು. ಈ ಷಟರ್ ನಂಗೆ ಬಿಟ್ಟುಕೊಟ್ಟು ಗಲ್ಲಾದ ಹಿಂದೆ ಆರಾಮಾಗಿ ಕೂತ್ಕೊಳ್ಳಲಿ" ಅನ್ನುತ್ತಿದ್ದ. ಕೆಟ್ಟವನಲ್ಲ. ಆದರೆ ಗಲ್ಲಾದ ಹಿಂದೆ ಕೂತ ತನ್ನ ಗಂಡನನ್ನು ನೆನೆದರೆ ಅವಳಿಗೆ ಬೋನಿನಲ್ಲಿಟ್ಟ ಹುಲಿಯಲ್ಲ, ಫ್ರಿಜ್ಜಿನಲ್ಲಿಟ್ಟ ಚಪ್ಪಲಿ ಕಾಣುತ್ತಿತ್ತು. ಅಷ್ಟು ಅಸಂಬದ್ಧ.

"ಇದು ನೋಡಿ," ಅಂಗಡಿಯವನು ಉದ್ದ ಹಿಡಿಯ ಸ್ಪ್ಯಾನರೊಂದನ್ನು ಕೊಟ್ಟ. "ಒಳಗೆ ಗ್ರೀಸು ತುಂಬಿದೆ. ಉಸಿರೇ ಇಲ್ಲ."

ಮೇಸ್ತ್ರಿ ಆಡಿಸಿದ. ಸದ್ದಿಲ್ಲ. ಅವನ ಮುಖ ಅರಳಿತು.

ಅವಳು ಸ್ಪ್ಯಾನರನ್ನು ನೋಡಲಿಲ್ಲ, ಮೊಣಕೈಯನ್ನು ನೋಡಿದಳು. ಬಲ ಮೊಣಕೈ ಪಕ್ಕೆಗೆ ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿತ್ತು. ಆಡುತ್ತಿದ್ದದ್ದು ಮಣಿಕಟ್ಟು ಮಾತ್ರ, ಅದೂ ಬೆರಳಗಲ. ಮೇಲಿನ ಹಲಗೆಯಲ್ಲಿ ಇನ್ನೊಂದು ಸ್ಪ್ಯಾನರ್ ಕಂಡು ಅವನು ಕೈಚಾಚಿದ. ಎಡಗೈ. ಹುಟ್ಟಾ ಬಲಗೈಯವನು.

ಓಹೋ, ಅಂದುಕೊಂಡಳು. ಒಂದು ಕಟ. ತಡೆದು ಇನ್ನೊಂದು ಕಟ. ಹಲ್ಲು ಸವೆದದ್ದು ಸ್ಪ್ಯಾನರಿನದಷ್ಟೇ ಅಲ್ಲ, ಭುಜದ್ದೂ. ಸದ್ದಿಲ್ಲದ್ದನ್ನು ಹುಡುಕುವುದು ಮೂಲೆಯಲ್ಲಿ ಕೂತ ತಮ್ಮನ ಕಿವಿ ತಪ್ಪಿಸಲಿಕ್ಕೆ.

ಅಂಗಡಿಯಲ್ಲಿ ಅದನ್ನು ಎತ್ತಿ ಆಡಿದರೆ ಸಂಜೆಗೆ ಊರಿಗೆಲ್ಲ ಗೊತ್ತು. ಅವಳು ಎದ್ದು ಬಂದು ಕೌಂಟರಿನ ಗಾಜಿನ ಮೇಲೆ ಹರಡಿದ್ದನ್ನು ತರಕಾರಿ ಆರಿಸುವ ಹಾಗೆ ಒಂದೊಂದಾಗಿ ಎತ್ತಿ ನೋಡತೊಡಗಿದಳು.

"ಇದಕ್ಕೂ ಅದಕ್ಕೂ ಏನಣ್ಣ ವ್ಯತ್ಯಾಸ?"

"ಹಲ್ಲು, ಅಕ್ಕ. ಮೇಸ್ತ್ರಿ ಹಿಡಿದಿರೋದರಲ್ಲಿ ದಪ್ಪ ಹಲ್ಲು. ಒಂದು ಹಲ್ಲು ದಾಟ್ಬೇಕಾದ್ರೆ ಹಿಡಿ ಇಷ್ಟಗಲ ಬರಬೇಕು." ಅವನು ಕೈ ಅಗಲಿಸಿ ತೋರಿಸಿದ. "ಈ ಚಿಕ್ಕದರಲ್ಲಿ ಸಣ್ಣ ಹಲ್ಲು, ಒತ್ತೊತ್ತು. ಹಿಂಗೆ ಅಂದ್ರೆ ಸಾಕು, ಹಲ್ಲು ದಾಟುತ್ತೆ. ಆದ್ರೆ ಬಾಯಿ ಜಾಸ್ತಿ."

ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬೆರಳಗಲ ಆಡಿಸಿದಳು. ಕಿರ್ರ್ರ್ ಎಂದಿತು, ಸಂದಿಯೊಳಗಿನ ಜೀರುಂಡೆಯ ಹಾಗೆ. ಮತ್ತೊಮ್ಮೆ ಆಡಿಸಿದಳು. ಕಣ್ಣು ಮುಚ್ಚಿ ಕೇಳಿದರೆ ಯಾರೋ ಗಟ್ಟಿಮುಟ್ಟಾದವನು ಇಡೀ ತೋಳು ಬೀಸಿ ಕೆಲಸ ಮಾಡುತ್ತಿದ್ದಾನೆ ಅನ್ನಬೇಕು.

"ಇದು," ಅಂದಳು.

"ಏ, ಅದು ಬೇಡ," ಮೇಸ್ತ್ರಿ ಗಾಬರಿಯಾದ. "ಸಣ್ಣ ಹಲ್ಲು, ಬಿಗಿ ಬೋಲ್ಟಿಗೆ ಹಾಕಿದ್ರೆ ಮುರಿಯುತ್ತೆ. ನಿಂಗೇನು ಗೊತ್ತು?"

"ಬಿಗಿ ಬಿಡಿಸೋಕೆ ಕಬ್ಬಿಣದ ದಪ್ಪ ಸ್ಪ್ಯಾನರ್ ಇದೆಯಲ್ಲ, ಸುತ್ತಿಗೆಯಲ್ಲಿ ಹೊಡೀತೀರಲ್ಲ. ಆಮೇಲಿನ ಕೆಲಸಕ್ಕೆ ಇದು."

"ಸದ್ದು ವಿಪರೀತ ಕಣೇ."

"ಸದ್ದಿಲ್ದೆ ಇದ್ರೆ ನಾನು ಟೀ ಯಾವಾಗ ಇಡ್ಲಿ? ನೀವು ಕೆಳಗೆ ಕೆಲಸ ಮಾಡ್ತಿದ್ದೀರೋ, ಗೊರಕೆ ಹೊಡೀತಿದ್ದೀರೋ ನಂಗೆ ಗೊತ್ತಾಗೋದು ಬೇಡ್ವಾ?"

ಅಂಗಡಿಯವನು ಅಷ್ಟರಲ್ಲಿ ಅದನ್ನು ಕಾಗದದಲ್ಲಿ ಸುತ್ತಿಬಿಟ್ಟಿದ್ದ. ಗಂಡ ಹೆಂಡತಿ ಜಗಳದಲ್ಲಿ ಯಾರು ಗೆಲ್ಲುತ್ತಾರೆಂದು ತಿಳಿಯದೆ ಅವನು ಇಷ್ಟು ವರ್ಷ ವ್ಯಾಪಾರ ಮಾಡಿರಲಿಲ್ಲ. ವಾಷರಿನ ವಿಷಯ ಯಾರಿಗೂ ನೆನಪಾಗಲಿಲ್ಲ.

ಮಧ್ಯಾಹ್ನ ಶಾಲೆಯ ವ್ಯಾನೊಂದು ದೂಡಿಸಿಕೊಂಡು ಬಂತು. ಸ್ಟಾರ್ಟರ್ ಕೆಟ್ಟಿತ್ತು. ಅದರ ಮೇಲಿನ ಬೋಲ್ಟು ಎಂಜಿನ್ನಿನ ಹಿಂದೆ, ಕೈ ಹೋದರೆ ಕಣ್ಣು ಹೋಗದ, ಕಣ್ಣು ಹೋದರೆ ಕೈ ಹೋಗದ ಜಾಗದಲ್ಲಿ. ಶಾಲೆ ಬಿಡುವುದರೊಳಗೆ ಬೇಕೆಂದು ಡ್ರೈವರ್ ಅವಸರ ಮಾಡಿದ. ಮೈದುನ ಮೂಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ, "ಅಣ್ಣ, ಇದು ನಿನ್ನ ಕೈಲಿ ಇವತ್ತು ಆಗಲ್ಲ ಬಿಡು. ಬೇರೆ ಕಡೆ ಕಳಿಸು" ಎಂದದ್ದು ಮಹಡಿಯವರೆಗೂ ಕೇಳಿಸಿತು.

ಅವಳು ಅಡುಗೆಮನೆಯ ಕಿಟಕಿ ತೆಗೆದಿಟ್ಟು, ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಿಂತಳು.

ಮೊದಲು ಸುತ್ತಿಗೆಯ ಏಟು. ಎಡಗೈಯದು, ಅಂದಾಜು ತಪ್ಪುತ್ತಿತ್ತು. ಒಂದು ಏಟು ಬೇರೆಲ್ಲೋ ಬಿದ್ದು ಡ್ರೈವರ್ "ಅಯ್ಯೋ" ಎಂದ. ಆಮೇಲೆ ಕೀಚ್ ಎಂದು ಬೋಲ್ಟು ಬಿಗಿ ಬಿಟ್ಟಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನೂ ಬಿಗಿ ಮಾಡಿದಳು.

ಕಿರ್ರ್ರ್.

ತಡೆಯಲಿಲ್ಲ. ಕಿರ್ರ್ರ್, ಕಿರ್ರ್ರ್, ಕಿರ್ರ್ರ್ರ್. ಎದುರು ಮನೆಯ ಗಿಳಿ ಗಕ್ಕನೆ ಮಾತು ನಿಲ್ಲಿಸಿತು, ಪಾಠ ಬದಲಾದ ವಿದ್ಯಾರ್ಥಿಯ ಹಾಗೆ. ಕೆಳಗೆ ಸ್ಟೂಲು ಸರಿದ ಸದ್ದು; ಮೈದುನ ಎದ್ದಿರಬೇಕು.

"ಏನಣ್ಣ, ರಾಕೆಟ್ ಬಿಡ್ತಿದ್ದೀಯಾ?" ಅವನ ದನಿಯಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿದಿತ್ತು.

"ದೂರ ನಿಂತ್ಕೋ, ಬೆಳಕಿಗೆ ಅಡ್ಡ ಬರ್ತೀಯ," ಅಂದ ಅಣ್ಣ.

ಸದ್ದು ಭರದಿಂದ ನಡೆದು, ನಡೆದು, ನಿಧಾನವಾಯಿತು. ಅವಳು ಟೀಗೆ ನೀರಿಟ್ಟಳು.

ವ್ಯಾನು ಹೊರಟ ಮೇಲೆ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ. ಮೊಣಕೈಯವರೆಗೆ ಗ್ರೀಸು, ಹಣೆಯ ಮೇಲೆ ಬೆವರು, ಮುಖದಲ್ಲಿ ತೋರಿಸಬಾರದೆಂದುಕೊಂಡ ಖುಷಿ. ಕೂತು, ಅಭ್ಯಾಸದಂತೆ ಬಲಕ್ಕೆ ತಿರುಗಿದ. ಅಲ್ಲಿ ಟೀ ಇರಲಿಲ್ಲ. ಲೋಟ ಎಡಗಡೆ, ಎಡಗೈಗೆ ನೇರವಾಗಿ ಸಿಗುವ ಹಾಗಿತ್ತು. ಅದರ ಪಕ್ಕದಲ್ಲಿ ಬಿಸಿನೀರು ತುಂಬಿದ ರಬ್ಬರ್ ಚೀಲ.

ಅವನು ಚೀಲವನ್ನೇ ನೋಡಿದ.

"ಎಷ್ಟು ದಿನದಿಂದ ಗೊತ್ತು?"

"ಟೀ ಆರುತ್ತೆ."

"ತಮ್ಮನಿಗೆ ಹೇಳಿದ್ಯಾ?"

"ನಾನು ಯಾಕೆ ಹೇಳ್ಲಿ? ಸ್ಪ್ಯಾನರ್ ನಾನು ಆರಿಸಿದ್ದಾಯ್ತು. ಡಾಕ್ಟ್ರನ್ನ ನೀವು ಆರಿಸಿ. ನಾಳೇನೇ."

ಅವನು ಎಡಗೈಯಿಂದ ಲೋಟ ಎತ್ತಿದ. ಬಲಗೈ ಜೇಬಿನಿಂದ ಹೊಸ ಸ್ಪ್ಯಾನರನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ತಲೆಯನ್ನು ಸುಮ್ಮನೆ ತಿರುಗಿಸುತ್ತ ಕೂತಿತು. ಕಿರ್ರ್. ಕಿರ್ರ್.

ಕಿಟಕಿಯಾಚೆ ಗಿಳಿ ಒಮ್ಮೆ ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, ತಪ್ಪುತಪ್ಪಾಗಿ, ಶುರುಮಾಡಿತು.