ಗೋಡೆ ಒಣಗಿಸುವವರು

ಹಾಸಿಗೆಯ ಹಿಂದಿನ ಮೂಲೆಯೊಂದು ಮಾತ್ರ ಇನ್ನೂ ಬೆವರುತ್ತಿತ್ತು. ನಾನು ಮಂಡಿಯೂರಿ ಹಳೇ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದೆ. ಉಳಿದ ಗೋಡೆಗಳು ಬೆಳ್ಳಗಾಗಿದ್ದವು, ಬೆರಳಿನಿಂದ ಕುಟ್ಟಿದರೆ ಗಟ್ಟಿ ಸದ್ದು ಬರುತ್ತಿತ್ತು.

ಫ್ರೆಂಚರೊಡನೆ ಯುದ್ಧ ಮುಗಿದು ಬರ್ಲಿನ್ನಿಗೆ ಜನ ನುಗ್ಗುತ್ತಿದ್ದ ಕಾಲ. ನಮ್ಮ ವೆಡ್ಡಿಂಗ್ ಬಡಾವಣೆಯಲ್ಲಿ ಬೀದಿಗೆ ಹೆಸರಿಡುವ ಮೊದಲೇ ಮನೆಗಳು ಏಳುತ್ತಿದ್ದವು. ಸುಣ್ಣದ ಗಾರೆ ಹಸಿಯಾಗಿರುವಾಗ ಅನುಕೂಲಸ್ಥರು ಯಾರೂ ಕಾಲಿಡುವುದಿಲ್ಲ. ಹಾಗಾಗಿ ನಮ್ಮಂಥವರನ್ನು ಕಮ್ಮಿ ಬಾಡಿಗೆಗೆ ಒಳಗೆ ಬಿಡುತ್ತಿದ್ದರು. ನಾವು ಒಲೆ ಉರಿಸಬೇಕು, ಅಲ್ಲೇ ಉಸಿರಾಡಬೇಕು, ಗೋಡೆ ಒಣಗಿದ ಮೇಲೆ ಇನ್ನೊಂದು ಹಸಿ ಮನೆಗೆ ನಡೆಯಬೇಕು. ಗೋಡೆ ಒಣಗಿಸುವವರು ಅಂತಲೇ ನಮಗೆ ಹೆಸರು. ನನ್ನ ಗಂಡ ಆಲ್ಬಿನ್ ಗಾರೆ ಕೆಲಸದವನು. ಆ ಕೋಣೆಗೆ ಗಾರೆ ಮೆತ್ತಿದ್ದೂ ಅವನೇ.

ಒಳಗೆ ಬಂದ ವಾರಕ್ಕೇ ನಮ್ಮ ಪುಟ್ಟ ಬೆರ್ಟಾಳಿಗೆ ಕೆಮ್ಮು ಹಿಡಿಯಿತು. ಹಳ್ಳಿಯಲ್ಲಿದ್ದ ನನ್ನ ಅಕ್ಕ ಹೆಡ್ವಿಗ್ "ಮಗೂನ ನನ್ನ ಹತ್ರ ಕಳಿಸು, ಇಲ್ಲಿ ಮರದ ಮನೆ, ಬೆಚ್ಚಗಿರ್ತಾಳೆ" ಎಂದು ಹೇಳಿಕಳಿಸಿದ್ದಳು. ನನಗಾಗ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಕೋಣೆಯ ಅಗಸಗಿತ್ತಿ ಮಿನ್ನ ಒಪ್ಪಿಗೆಯ ಕಾಗದ ಬರೆದುಕೊಟ್ಟಿದ್ದಳು. ಇಡೀ ಚಳಿಗಾಲ ಅದನ್ನು ನಾನು ಕಳಿಸಲೇ ಇಲ್ಲ. ಗೋಡೆ ಒಣಗಿದರೆ ಕೆಮ್ಮು ತಾನೇ ಹೋಗುತ್ತದೆ, ಮಗಳನ್ನು ಯಾಕೆ ಬಿಡಲಿ ಎಂಬ ಹಠ. ಆಲ್ಬಿನ್ ಕೆಲಸದ ಕಡೆಯಿಂದ ಮರದ ಚೂರುಗಳನ್ನು ಕೋಟಿನೊಳಗೆ ಅಡಗಿಸಿ ತರುತ್ತಿದ್ದ. ಹೊಟ್ಟೆ ಕಟ್ಟಿ ಕಲ್ಲಿದ್ದಲು ಕೊಂಡೆವು. ಕೆಮ್ಮು ನಿಜಕ್ಕೂ ಇಳಿಯುತ್ತಿತ್ತು.

ಆ ದಿನ ನಾನು ಮೂಲೆ ಒರೆಸುತ್ತಿದ್ದಾಗ ಮನೆಗಳ ಉಸ್ತುವಾರಿಯ ಪುಷ್ಕೆ ಬಾಗಿಲು ತಟ್ಟದೆ ಒಳಗೆ ಬಂದ. ಗೋಡೆಗೆ ಅಂಗೈ ಒತ್ತಿದ.

"ಭೇಷ್, ಓಟಿಲಿ. ಪಕ್ಕದ ಕೋಣೇಲಿ ಇನ್ನೂ ಕಪ್ಪೆ ಸಾಕಬೋದು. ನಿಂದು ರೊಟ್ಟಿ ಒಲೆ ಇದ್ದಂಗಿದೆ."

"ಮಗೂಗೋಸ್ಕರ ಒಣಗಿಸಿದ್ದು."

"ಯಾರಿಗೋಸ್ಕರ ಆದ್ರೇನು, ಒಣಗ್ತಲ್ಲ. ಈ ತಿಂಗಳ ಕೊನೆಗೆ ಖಾಲಿ ಮಾಡಿ. ಕೋರ್ಟ್ ಗುಮಾಸ್ತರು ಬರ್ತಾರೆ. ಅವರ ಹೆಂಡ್ತಿ ಎದೆ ಸ್ವಲ್ಪ ಸೂಕ್ಷ್ಮ."

"ಈಸ್ಟರ್‌ವರೆಗೆ ಇರಿ ಅಂದಿದ್ರಿ."

"ಒಣಗೋವರೆಗೆ ಅಂದಿದ್ದೆ. ಎದುರಿನ ಕಟ್ಟಡಕ್ಕೆ ಹೋಗಿ. ನಿನ್ನ ಗಂಡಾನೇ ಇವತ್ತು ಅಲ್ಲಿ ಗಾರೆ ಮೆತ್ತಾ ಇದಾನೆ. ಇಷ್ಟು ಚೆನ್ನಾಗಿ ಒಣಗಿಸೋರು ನಮಗೆ ಬೇಕು."

ಅವನು ಹೊರಟ ಕೂಡಲೇ ಮಿನ್ನ ತುಂಬಿದ ಬಕೆಟ್ಟಿನೊಂದಿಗೆ ಬಂದಳು.

"ದಡ್ಡಿ ಕಣೇ ನೀನು. ಯಾರಾದ್ರೂ ಇಷ್ಟು ಬೇಗ ಒಣಗಿಸ್ತಾರಾ? ಅವನು ಬರೋ ದಿನ ನಾನು ಗೋಡೆಗೆ ನೀರು ಎರಚಿ ಇಡ್ತೀನಿ. ಹಿಡಿ, ಸುರಿ. ಮತ್ತೆ ಒಸರ್ತಿದೆ ಅಂತ ಅವನನ್ನ ಕರಿ."

ಬಕೆಟ್ ಎತ್ತಿದೆ. ನನ್ನ ಬೆನ್ನ ಹಿಂದೆ ಬೆರ್ಟಾ ನಿದ್ದೆಯಲ್ಲೇ ಕೆಮ್ಮಿದಳು.

ಕೈ ಅಲ್ಲೇ ನಿಂತಿತು. ಗೋಡೆ ನೆನೆಸಿದರೆ ಕೋಣೆ ಉಳಿಯುತ್ತದೆ, ಕೆಮ್ಮೂ ಉಳಿಯುತ್ತದೆ. ನೆನೆಸದಿದ್ದರೆ ಎದುರಿನ ಹಸಿ ಗೋಡೆ ಕಾದಿದೆ. ನನ್ನ ಮಗಳ ಎದೆಗೆಂದು ಕೂಡಿಟ್ಟ ಶಾಖವೆಲ್ಲ ಯಾವಳೋ ಗುಮಾಸ್ತನ ಹೆಂಡತಿಯ ಎದೆಗೆ. ಕಿಟಕಿಯ ಕೆಳಗೆ, ಅಂಗಳದಲ್ಲಿ, ಪುಷ್ಕೆ ಚುಟ್ಟ ಹಚ್ಚುತ್ತಿದ್ದ. ಬಕೆಟ್ಟನ್ನು ಪೂರ್ತಿ ಅವನ ಮೇಲೆ ಬೋರಲು ಹಾಕಿದೆ.

ಟೋಪಿ ಉರುಳಿತು. ಎಲ್ಲ ಕಿಟಕಿಗಳಲ್ಲೂ ಹೆಂಗಸರ ತಲೆಗಳು ಮೂಡಿದವು.

"ನಾಳೆ ಬೆಳಿಗ್ಗೆಗೇ ಆಚೆ ನೀವು," ಎಂದ, ಮುಖ ಒರೆಸಿಕೊಳ್ಳುತ್ತ. "ಎದುರಿನ ಮನೇನೂ ಇಲ್ಲ."

"ಮೊದ್ಲು ಒಣಗಿಸ್ಕೊಳ್ಳಿ ಯಜಮಾನ್ರೆ," ಮಿನ್ನ ನನ್ನ ಪಕ್ಕದಿಂದ ಬಗ್ಗಿ ಹೇಳಿದಳು. "ನಿಮಗೆ ಅಭ್ಯಾಸ ಇಲ್ಲ, ನಿಧಾನ ಆಗುತ್ತೆ."

ಅಂಗಳವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕಪಾಟಿನ ಮೇಲಿದ್ದ ಆ ಒಪ್ಪಿಗೆಯ ಕಾಗದ ತೆಗೆದು ಮಿನ್ನಳಿಗೆ ಕೊಟ್ಟೆ.

"ಕೆಳಗೆ ಇನ್ನೊಂದು ಮಾತು ಸೇರಿಸು. ನಾಳೆಯಿಂದ ನಮಗೆ ವಿಳಾಸ ಇಲ್ಲ, ಹೆಡ್ವಿಗ್ ಬರೋವರೆಗೆ ಮಗು ನಿನ್ನ ಕೋಣೇಲಿ ಇರುತ್ತೆ. ಅಲ್ಲಿಗೆ ಬಂದು ಕರ್ಕೊಂಡು ಹೋಗು ಅನ್ನು."

"ಎಷ್ಟು ದಿನಕ್ಕೆ ಅಂತ ಬರೀಲಿ?"

"ಬರೀಬೇಡ."

ಬೆರ್ಟಾಳನ್ನು ಶಾಲಿನಲ್ಲಿ ಸುತ್ತಿ ಸೊಂಟಕ್ಕೆ ಹಾಕಿಕೊಂಡು ಇಳಿದೆ. ಎದುರಿನ ಕಟ್ಟಡದ ಸಾರುವೆಯ ಮೇಲೆ ಆಲ್ಬಿನ್ ನನ್ನ ಕಡೆಗೆ ಗಾರೆಯ ಕರಣೆ ಬೀಸಿದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಾನು ನಿಲ್ಲಲಿಲ್ಲ. ಬೀದಿಯ ಕೊನೆಯ ಅಂಚೆಪೆಟ್ಟಿಗೆಯ ಮುಂದೆ ನಿಂತು, ಕಾಗದವನ್ನು ಒಳಗೆ ತಳ್ಳಿದೆ.